ಕೂಸಿನ ತಲೆ ಕಾಯುವ ಬಗೆ

ಕಚೇರಿಯಲ್ಲಿ ನಮಗೆ ಒಪ್ಪಿಸಿರುವ ಕೆಲಸ ಕಡತಗಳನ್ನು ಕಾಯುವುದು. ಹತ್ತು ವರ್ಷದ ಚಾಕರಿಯಲ್ಲಿ ಒಂದೇ ಒಂದು ಹಾಳೆಯನ್ನೂ ಕಳೆದುಕೊಂಡವರಲ್ಲ ಎಂಬ ಸಣ್ಣ ಹೆಮ್ಮೆ ನಮಗಿತ್ತು. ಆ ಹೆಮ್ಮೆ ಇಳಿದುಹೋದದ್ದು ಒಂದು ರವಿವಾರದ ಮುಂಜಾನೆ, ಪುಣೆಯ ನಮ್ಮ ಎರಡು ಕೋಣೆಯ ಮನೆಯಲ್ಲಿ.

ಮಗಳಿಗೆ ಆಗ ಐದು ತಿಂಗಳು. ನಮ್ಮ ಮನೆಯವರು ಅವಳನ್ನು ಮಂಚದ ನಟ್ಟನಡುವೆ ಮಲಗಿಸಿ, ಎರಡೂ ಬದಿಗೆ ದಿಂಬು ಒತ್ತಿಟ್ಟು, "ಹಾಲು ಉಕ್ಕಲಿಕ್ಕೆ ಬಂತು, ಕೂಸಿನ ಕಡೆ ಸ್ವಲ್ಪ ಲಕ್ಷ್ಯ ಇಡ್ರಿ" ಎಂದು ಒಳಗೆ ಹೋದರು. ನಾವು "ಹೂಂ" ಎಂದೆವು. ಕಣ್ಣು ಮಾತ್ರ ಪತ್ರಿಕೆಯಲ್ಲಿತ್ತು. ಕೂಸು ಅಲ್ಲಿಯವರೆಗೆ ಒಮ್ಮೆಯೂ ಮಗುಚಿದ್ದಿಲ್ಲ. ಆ ವಿದ್ಯೆಯನ್ನು ಅದು ಕಲಿತದ್ದು ಅದೇ ಮುಂಜಾನೆ, ನಾವು ಪುಟ ತಿರುವಿದ ಗಳಿಗೆಯಲ್ಲಿ. ದಪ್ಪೆಂದು ಸದ್ದಾಯಿತು. ಒಂದು ಕ್ಷಣ ಅಳು ಕೇಳಿಸಲಿಲ್ಲ. ಆ ಒಂದು ಕ್ಷಣವನ್ನು ನಾವು ಇಂದಿಗೂ ಮರೆತಿಲ್ಲ.

ಅತ್ತು ಸುಮ್ಮನಾದ ಕೂಸು ಅರ್ಧ ತಾಸಿನೊಳಗೆ ಎರಡು ಸಲ ವಾಂತಿ ಮಾಡಿತು. ರಿಕ್ಷಾ ಹಿಡಿದು ಆಸ್ಪತ್ರೆಗೆ ಓಡಿದೆವು. ವೈದ್ಯರು ತಲೆಯನ್ನು ಮುಟ್ಟಿ, ಕಣ್ಣಿಗೆ ಬೆಳಕು ಬಿಟ್ಟು, ಕೈಕಾಲು ಆಡಿಸಿ ನೋಡಿ, ಒಂದು ರಾತ್ರಿ ಅಲ್ಲಿಯೇ ಇರಿಸಿಕೊಂಡರು. ಮರುದಿನ ಕೂಸು ನಗುತ್ತ ಮನೆಗೆ ಬಂತು. ಬೀಳ್ಕೊಡುವಾಗ ಆ ವೈದ್ಯರು, "ಹೊಸ ವಿದ್ಯೆ ಕಲಿಯುವ ದಿನವನ್ನು ಮಕ್ಕಳು ಮುಂಚಿತವಾಗಿ ತಿಳಿಸುವುದಿಲ್ಲ" ಎಂದರು. ಅಂದು ಸಂಜೆ ಧಾರವಾಡದಿಂದ ಫೋನು ಮಾಡಿದ ನಮ್ಮ ತಾಯಿಯವರು ಇದನ್ನೇ ಬೇರೆ ಮಾತಿನಲ್ಲಿ ಹೇಳಿದರು: "ನೆಲದ ಮ್ಯಾಲ ಹಾಕಿದ ಕೂಸು ಎಲ್ಲಿಗೆ ಬೀಳತದೋ, ತಮ್ಮಾ?"

ನಾವು ಬಿ.ಎ. ಓದಿದವರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಬಳಿಕ ವೈದ್ಯರನ್ನು ಕೇಳಿ, ಪುಸ್ತಕಗಳನ್ನು ಓದಿ, ಇಷ್ಟು ವಿಷಯವನ್ನು ಕೂಡಿಹಾಕಿದ್ದೇವೆ. ಕೂಸು ಇರುವ, ಕೂಸು ಬರಲಿರುವ ಮನೆಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇವೆ.

ತಲೆಯೇ ಏಕೆ?

ಹುಟ್ಟಿದ ಕೂಸಿನ ಒಟ್ಟು ಉದ್ದದಲ್ಲಿ ತಲೆಯ ಪಾಲು ಸುಮಾರು ನಾಲ್ಕರಲ್ಲಿ ಒಂದು. ದೊಡ್ಡವರಲ್ಲಿ ಅದು ಎಂಟರಲ್ಲಿ ಒಂದು. ಮೇಲ್ಭಾರದ ಗಡಿಗೆ ಹೇಗೆ ಬಾಯಿಯ ಕಡೆಗೇ ಉರುಳುತ್ತದೆಯೋ ಹಾಗೆಯೇ ಸಣ್ಣ ಮಗು ಬಿದ್ದರೆ ತಲೆ ಮೊದಲಾಗಿ ಬೀಳುತ್ತದೆ. ಕೈಯೂರಿ ತಡೆದುಕೊಳ್ಳುವ ಜಾಣತನ ಇನ್ನೂ ಬಂದಿರುವುದಿಲ್ಲ. ಕುತ್ತಿಗೆಗೆ ತಲೆಯನ್ನು ನಿಲ್ಲಿಸಿಕೊಳ್ಳುವ ಬಲ ಬರುವುದು ಮೂರು ನಾಲ್ಕು ತಿಂಗಳಾದ ಮೇಲೆ. ನಮ್ಮ ಅಜ್ಜಿಯರು ಎಣ್ಣೆ ಒತ್ತುತ್ತಿದ್ದ ಆ ಮೆತ್ತನೆಯ ನೆತ್ತಿ, ತಲೆಬುರುಡೆಯ ಎಲುಬುಗಳು ಇನ್ನೂ ಕೂಡಿಕೊಳ್ಳದ ಜಾಗ. ಸಾಮಾನ್ಯವಾಗಿ ಅದು ಮುಚ್ಚಿಕೊಳ್ಳುವುದು ಒಂದರಿಂದ ಒಂದೂವರೆ ವರ್ಷದ ನಡುವೆ. ಕೆಲವರಲ್ಲಿ ಎರಡು ವರ್ಷವೂ ಆಗುವುದುಂಟು. ಬುರುಡೆ ತೆಳುವು, ಒಳಗಿನ ಮೆದುಳು ಮೃದು. ಮೊದಲ ವರ್ಷದಲ್ಲಿಯೇ ಆ ಮೆದುಳು ತೂಕದಲ್ಲಿ ಎರಡು ಪಟ್ಟಿಗೂ ಹೆಚ್ಚು ಬೆಳೆಯುತ್ತದೆ. ಮಾತು, ನಡಿಗೆ, ಓದು, ಬುದ್ಧಿ ಎಲ್ಲಕ್ಕೂ ಅಡಿಪಾಯ ಬೀಳುವ ಕಾಲ ಅದು. ಮುರಿದ ಕೈ ಕೂಡೀತು. ಮೆದುಳಿಗೆ ತಗಲಿದ ಪೆಟ್ಟು ಎಲ್ಲ ಸಲವೂ ಪೂರ್ತಿ ಮಾಯುವುದಿಲ್ಲ.

ಹಾಗೆಂದು ಹೆದರಿ ಕೂಸನ್ನು ಕಟ್ಟಿಹಾಕಬೇಕಾಗಿಲ್ಲ. ನಡೆಯ ಕಲಿಯುವ ಮಗು ಹತ್ತು ಸಲ ಬೀಳುತ್ತದೆ, ತನ್ನ ಎತ್ತರದಿಂದ ಬಿದ್ದ ಆ ಬೀಳುಗಳು ಬಹುಮಟ್ಟಿಗೆ ಬುಗುಟೆಯಲ್ಲಿಯೇ ಮುಗಿಯುತ್ತವೆ. ನಾವು ತಪ್ಪಿಸಬೇಕಾದುದು ಎತ್ತರದಿಂದ ಬೀಳುವುದನ್ನು, ವೇಗದಲ್ಲಿ ಬೀಳುವುದನ್ನು, ದೊಡ್ಡವರ ಕೈಯಿಂದಲೇ ಆಗುವ ಅಪಾಯವನ್ನು.

ಊರಿನಲ್ಲಿ ಒಂದು ಕೂಸಿಗೆ ಹತ್ತು ಕಣ್ಣುಗಳ ಕಾವಲು. ಅಜ್ಜಿ, ಅತ್ತೆ, ಚಿಕ್ಕಮ್ಮ, ನೆರೆಮನೆಯವರು, ಯಾರಾದರೊಬ್ಬರು ನೋಡುತ್ತಲೇ ಇರುತ್ತಾರೆ. ಹೊಟ್ಟೆಪಾಡಿಗಾಗಿ ಪರಸ್ಥಳಕ್ಕೆ ಬಂದ ನಮ್ಮ ಮನೆಗಳಲ್ಲಿ ಇರುವುದು ಎರಡು ಜೊತೆ ಕಣ್ಣು. ಅದರಲ್ಲಿ ಒಂದು ಜೊತೆ ಒಲೆಯ ಮೇಲೆ, ಇನ್ನೊಂದು ಜೊತೆ ಗಡಿಯಾರದ ಮೇಲೆ. ಆದುದರಿಂದ ಕಣ್ಣು ಮಾಡಬೇಕಾದ ಕೆಲಸದ ಅರ್ಧವನ್ನಾದರೂ ಮನೆಯ ಏರ್ಪಾಟಿಗೆ ಒಪ್ಪಿಸಬೇಕು. ನಾವು ಕಲಿತ ಮುಖ್ಯ ಪಾಠ ಇದೇ.

ನೆಲದ ಹಾಸಿಗೆ

ಮೊದಲನೆಯ ಏರ್ಪಾಟು ತಾಯಿಯವರು ಹೇಳಿದ್ದೇ. ಕೂಸನ್ನು ಬಿಟ್ಟು ಒಂದು ಹೆಜ್ಜೆ ಆಚೆ ಹೋಗುವುದಿದ್ದರೂ ಅದನ್ನು ನೆಲದ ಹಾಸಿಗೆಯ ಮೇಲೆ ಹಾಕಬೇಕು, ಇಲ್ಲವೆ ಬದಿಗಳು ಎತ್ತರವಾಗಿರುವ ಭದ್ರವಾದ ತೊಟ್ಟಿಲಲ್ಲಿ ಹಾಕಬೇಕು. ಮಂಚ, ಸೋಫಾ, ಊಟದ ಮೇಜು, ಬಟ್ಟೆ ಬದಲಿಸುವ ಕಟ್ಟೆ ಯಾವುದೂ ಕೂಸಿನ ಜಾಗವಲ್ಲ. ದಿಂಬಿನ ಗೋಡೆಯನ್ನು ನಂಬಲೇಬಾರದು. ಕೂಸು ಅದನ್ನು ದಾಟುತ್ತದೆ. ಮುಖ ಅದರಲ್ಲಿ ಹೂತು ಉಸಿರು ಕಟ್ಟುವ ಅಪಾಯವೂ ಇದೆ. ಸಾಧಾರಣವಾಗಿ ಮಕ್ಕಳು ಮಗುಚುವುದು ನಾಲ್ಕರಿಂದ ಆರು ತಿಂಗಳ ನಡುವೆ ಎನ್ನುತ್ತಾರೆ. ಆದರೆ ಕಾಲು ಒದ್ದು ಸರಿಯುವುದಕ್ಕೆ ಅಷ್ಟು ಕಾಯಬೇಕಾಗಿಲ್ಲ. ಹುಟ್ಟಿದ ದಿನದಿಂದಲೇ ಈ ನಿಯಮ ಇರಲಿ.

ತೊಟ್ಟಿಲನ್ನು ಅಥವಾ ಸೀರೆಯ ಜೋಲಿಯನ್ನು ಕಟ್ಟುವವರು ಕೊಂಡಿಯನ್ನೂ ಹಗ್ಗವನ್ನೂ ವಾರಕ್ಕೊಮ್ಮೆ ಎಳೆದು ನೋಡಬೇಕು. ಮಗು ಎದ್ದು ಕೂಡುವಂತಾದ ದಿನ ಜೋಲಿಯ ಕಾಲ ಮುಗಿಯಿತೆಂದು ತಿಳಿಯಬೇಕು. ಟಿ.ವಿ.ಯನ್ನು ಮೇಜಿನ ತುದಿಯಲ್ಲಿಟ್ಟು ಕೆಳಗೆ ಬಟ್ಟೆ ಹಾಸಿದರೆ, ಅಂಬೆಗಾಲಿಡುವ ಮಗು ಆ ಬಟ್ಟೆಯನ್ನೇ ಹಿಡಿದು ಏಳುತ್ತದೆ. ಟಿ.ವಿ.ಯನ್ನೂ ಹಗುರವಾದ ಕಪಾಟನ್ನೂ ಗೋಡೆಗೆ ಬಿಗಿಸುವುದು ಬಡಗಿಯ ಅರ್ಧ ತಾಸಿನ ಕೆಲಸ.

ಮೊದಲ ಹುಟ್ಟುಹಬ್ಬಕ್ಕೆ ಮುಂಚೆಯೇ ಮನೆಗೆ ಬರುವ ಉಡುಗೊರೆಯೊಂದಿದೆ, ಗಾಲಿಯ ವಾಕರ್. ಅದರಲ್ಲಿ ಕುಳಿತ ಮಗು ಒಂದು ಸೆಕೆಂಡಿನಲ್ಲಿ ಮೂರು ಅಡಿಗಿಂತ ಹೆಚ್ಚು ದೂರ ಹೋಗಬಲ್ಲುದು. ಹೊಸ್ತಿಲು, ಮೆಟ್ಟಿಲು ಬಂದರೆ ಮಗು, ಗಾಡಿ ಎರಡೂ ತಲೆಕೆಳಗು. ಹತ್ತಿರವೇ ಕುಳಿತವರು ಎದ್ದು ಹಿಡಿಯುವಷ್ಟರಲ್ಲಿ ಆಗಬೇಕಾದುದು ಆಗಿರುತ್ತದೆ. ಅದರಿಂದ ನಡಿಗೆ ಬೇಗ ಬರುತ್ತದೆಂಬುದೂ ನಿಜವಲ್ಲ. ಕೆನಡಾ ದೇಶವು 2004ರ ಏಪ್ರಿಲ್‌ನಲ್ಲಿ ಇಂಥ ವಾಕರುಗಳ ಮಾರಾಟವನ್ನೇ ನಿಷೇಧಿಸಿತು. ನಮ್ಮ ಮನೆಗೆ ಬಂದದ್ದನ್ನು ಗಾಲಿ ಕಿತ್ತು ಅಟ್ಟಕ್ಕೆ ಹಾಕಿದೆವು. ಕೊಟ್ಟವರು ಈ ಲೇಖನವನ್ನು ಓದಿದರೆ ಕ್ಷಮಿಸಬೇಕು.

ಕಿಟಕಿ ಮತ್ತು ಗ್ಯಾಲರಿ

ನಮ್ಮವರಲ್ಲಿ ಬಹುಮಂದಿ ನೆಲಮನೆಯಲ್ಲಿ ಬೆಳೆದು, ಮೂರನೆಯ, ಏಳನೆಯ ಮಹಡಿಗೆ ಬಂದವರು. ಎತ್ತರದ ಅಂಜಿಕೆ ನಮಗೆ ಉಂಟು, ಮಕ್ಕಳಿಗೆ ಇಲ್ಲ. ಅಮೆರಿಕದ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ ಬಹುಮಹಡಿಯ ಮನೆಗಳ ಕಿಟಕಿಗಳಿಂದ ಮಕ್ಕಳು ಬಿದ್ದು ಸಾಯುತ್ತಿದ್ದುದನ್ನು ಕಂಡು, 1972ರಲ್ಲಿ ಅಲ್ಲಿಯ ಆರೋಗ್ಯ ಇಲಾಖೆ ಒಂದು ಕಾರ್ಯವನ್ನು ಕೈಗೊಂಡಿತು. "ಮಕ್ಕಳಿಗೆ ಹಾರಲು ಬರುವುದಿಲ್ಲ" ಎಂಬುದು ಅದರ ಹೆಸರು. ಮನೆಮನೆಗೆ ಹೋಗಿ ತಾಯಂದಿರಿಗೆ ತಿಳಿಹೇಳಿದರು. ಬಡವರ ಕಿಟಕಿಗಳಿಗೆ ಸರಳುಗಳನ್ನು ಉಚಿತವಾಗಿ ಕೊಟ್ಟರು. 1973ರಿಂದ 1975ರೊಳಗೆ ಆ ಭಾಗದಲ್ಲಿ ಇಂಥ ಬೀಳುಗಳು ಅರ್ಧಕ್ಕೆ ಇಳಿದವು. 1976ರಲ್ಲಿ, 10 ವರ್ಷ ಮತ್ತು ಅದಕ್ಕಿಂತ ಸಣ್ಣ ಮಕ್ಕಳಿರುವ ಬಾಡಿಗೆಯ ಮನೆಗಳಿಗೆ ಮಾಲೀಕನು ಸರಳು ಹಾಕಿಸಲೇಬೇಕೆಂಬ ಕಾಯಿದೆಯೂ ಬಂತು. ಬುದ್ಧಿವಾದ ಒಂದರಿಂದಲೇ ಇದು ಆಗಲಿಲ್ಲ, ಜೊತೆಗೆ ಕಬ್ಬಿಣವೂ ಬೇಕಾಯಿತು ಎಂಬುದನ್ನು ಗಮನಿಸಬೇಕು.

ನಮ್ಮ ಕಟ್ಟಡಗಳಲ್ಲಿ ಗ್ರಿಲ್ ಸಾಮಾನ್ಯವೇ. ಆದರೂ ಸರಳುಗಳ ನಡುವಿನ ಸಂದನ್ನು ಅಳೆದು ನೋಡಿರಿ. ಅದು 4 ಅಂಗುಲಕ್ಕಿಂತ ಹೆಚ್ಚಿರಬಾರದು. ಅಡ್ಡಸರಳುಗಳಾದರೆ ಮಗುವಿಗೆ ಅದೇ ಏಣಿ. ಸೊಳ್ಳೆಪರದೆಯ ಜಾಲರಿ ಸೊಳ್ಳೆಯನ್ನು ತಡೆದೀತೇ ವಿನಾ ಮಗುವನ್ನು ತಡೆಯಲಾರದು. ಕಿಟಕಿಯ ಕೆಳಗೆ ಮಂಚ, ಗ್ಯಾಲರಿಯಲ್ಲಿ ಸ್ಟೂಲು, ಕವುಚಿಟ್ಟ ಬಕೆಟ್ಟು, ಹಳೆಯ ಪತ್ರಿಕೆಗಳ ಕಟ್ಟು ಇವು ಯಾವುವೂ ಇರಕೂಡದು. ಬೆಂಕಿ ಬಿದ್ದರೆ ಹೊರಬರಲು ಗ್ರಿಲ್ಲಿನ ಒಂದು ಭಾಗ ಒಳಗಿನಿಂದ ತೆರೆಯುವಂತಿದ್ದು, ಅದರ ಬೀಗದ ಕೈ ದೊಡ್ಡವರ ಕೈಗೆಟಕುವಲ್ಲಿರಲಿ. ಬಾಡಿಗೆಯ ಮನೆಯಾದರೆ ಗ್ರಿಲ್ಲಿನ ವಿಷಯವನ್ನು ಮುಂಗಡ ಹಣ ಕೊಡುವ ಮೊದಲೇ ಮಾತಾಡಿಬಿಡುವುದು ಜಾಣತನ. ಕೊಟ್ಟ ಮೇಲೆ ಮಾಲೀಕರ ಕಿವಿ ಮಂದವಾಗುತ್ತದೆ.

ಎತ್ತುವಾಗ, ಆಡಿಸುವಾಗ

ನೆಂಟರು ಬಂದಾಗ ಮಗುವನ್ನು ಮೇಲಕ್ಕೆ ಹಾರಿಸಿ ಹಿಡಿಯುವ ಚಪಲ ಕೆಲವರಿಗಿದೆ. ಮಗು ಕಿಲಕಿಲ ನಗುವುದೂ ನಿಜ. ಆದರೆ ಇಂದಿನ ಮನೆಗಳ ತಾರಸಿ ತಗ್ಗು. ನಡುವೆ ಫ್ಯಾನು ತಿರುಗುತ್ತಿರುತ್ತದೆ. ಹೀಗೆ ಎತ್ತಿದಾಗ, ಹೆಗಲ ಮೇಲೆ ಕೂಡಿಸಿಕೊಂಡಾಗ, ಮಂಚದ ಮೇಲೆ ಜಿಗಿಯುವಾಗ ಫ್ಯಾನಿನ ಅಲಗು ತಗಲಿ ಮಕ್ಕಳ ಬುರುಡೆ ಒಡೆದ ಪ್ರಸಂಗಗಳನ್ನು ನಮ್ಮ ದೇಶದ ವೈದ್ಯರು ಬಲ್ಲರು. ಎಣ್ಣೆ ತಿಕ್ಕಿ ಎರೆಯುವ ಕೆಲವು ಹೆಂಗಸರು ಕೂಸನ್ನು ಕಾಲು ಹಿಡಿದು ತಲೆಕೆಳಗು ಮಾಡುವುದು, ಕೈಹಿಡಿದು ಜೋಲಾಡಿಸುವುದು ಉಂಟು. ಎಣ್ಣೆಯ ಕೈ, ಎಣ್ಣೆಯ ಕಾಲು. ಜಾರುವುದಕ್ಕೆ ಬೇರೆ ಕಾರಣ ಬೇಕಿಲ್ಲ. ತಲೆಯನ್ನು ಒತ್ತಿ ದುಂಡಗೆ ತಿದ್ದುವುದೂ ಬೇಡ. ಇದನ್ನು ಹಿರಿಯರಿಗೆ ಹೇಳುವಾಗ ವಾದಕ್ಕೆ ನಿಲ್ಲದೆ "ಡಾಕ್ಟರು ಬೇಡ ಅಂದಾರ್ರಿ" ಎಂದರೆ ಮನೆಯ ಶಾಂತಿಯೂ ಉಳಿಯುತ್ತದೆ, ಕೂಸಿನ ತಲೆಯೂ ಉಳಿಯುತ್ತದೆ.

ಎಂದೂ ಕುಲುಕಬಾರದು

ಇನ್ನು ಹೇಳಲು ಸಂಕೋಚವಾಗುವ ಒಂದು ಮಾತು. ಕೂಸು ಮಂಚದಿಂದ ಬಿದ್ದುದಕ್ಕೆ ಮೂರು ತಿಂಗಳ ಹಿಂದಿನ ಕಥೆ. ಹೆರಿಗೆ ಪುಣೆಯಲ್ಲಿಯೇ ಆಗಿತ್ತು. ನಮ್ಮ ಅತ್ತೆಯವರು ಒಂದು ತಿಂಗಳಿದ್ದು ಊರಿಗೆ ಮರಳಿದ್ದರು. ಕೂಸು ರಾತ್ರಿ ಹನ್ನೊಂದಕ್ಕೆ ಅಳಲು ತೊಡಗಿದರೆ ಎರಡಾದರೂ ನಿಲ್ಲಿಸುತ್ತಿದ್ದಿಲ್ಲ. ಹಾಲು, ಬಟ್ಟೆ, ಜೋಗುಳ ಎಲ್ಲ ಆಯಿತು. ಮನೆಯವರು ಸೋತು ಗೋಡೆಗೆ ಒರಗಿದ್ದರು. ನಾವು ಕೂಸನ್ನು ಎರಡೂ ತೋಳುಗಳಲ್ಲಿ ಎದುರಿಗೆ ಹಿಡಿದು "ಏನಾಗ್ಯದ ನಿನಗ?" ಎಂದು ಗದರಿದೆವು. ನಮ್ಮ ಬೆರಳುಗಳು ಬಿಗಿದದ್ದು ನಮಗೇ ತಿಳಿಯಿತು. ಇನ್ನೊಂದು ಗಳಿಗೆ ತಡೆದಿದ್ದರೆ ಕುಲುಕಿಬಿಡುತ್ತಿದ್ದೆವು. ಏನು ದೈವವೋ, ಕೆಳಗೆ ಮಲಗಿಸಿ ಗ್ಯಾಲರಿಗೆ ಹೋಗಿ ನಿಂತೆವು. ಅದರ ಅಪಾಯ ಎಷ್ಟೆಂಬುದು ಆಗ ನಮಗೆ ಗೊತ್ತಿರಲಿಲ್ಲ.

1971ರಲ್ಲಿ ನಾರ್ಮನ್ ಗಥ್‌ಕೆಲ್ಚ್ ಎಂಬ ಇಂಗ್ಲೆಂಡಿನ ಶಸ್ತ್ರವೈದ್ಯರು, ಹೊರಗೆ ಪೆಟ್ಟಿನ ಗುರುತಿಲ್ಲದೆಯೂ ಕೂಸುಗಳ ಮೆದುಳಿನ ಸುತ್ತ ರಕ್ತ ಸೋರಿರುವುದಕ್ಕೆ ಜೋರಾಗಿ ಕುಲುಕಿದುದೇ ಕಾರಣವಿರಬಹುದೆಂದು ಬರೆದರು. ತಲೆ ಭಾರ, ಕುತ್ತಿಗೆ ಬಲಹೀನ. ಕುಲುಕಿದಾಗ ಮೆದುಳು ಬುರುಡೆಯೊಳಗೆ ಹಿಂದೆ ಮುಂದೆ ಬಡಿದು ನರಗಳು ಹರಿಯುತ್ತವೆ. ಕೆಲವೇ ಸೆಕೆಂಡುಗಳ ಸಿಟ್ಟಿನಿಂದ ಕುರುಡು, ಬುದ್ಧಿಮಾಂದ್ಯ, ಸಾವು ಕೂಡ ಬಂದಾವು. ತೊಡೆಯ ಮೇಲೆ ಮೆಲ್ಲನೆ ಆಡಿಸುವುದರಿಂದ ಹೀಗಾಗದು, ಭಯ ಬೇಡ. ಸಿಟ್ಟಿನ ಕೈ ಮಾತ್ರ ಬೇಡ.

ಕೂಸಿನ ಅಳು ಎರಡನೆಯ ತಿಂಗಳಿನಲ್ಲಿ ತುದಿಗೇರಿ, ಅನಂತರ ನಾಲ್ಕೈದು ತಿಂಗಳ ಹೊತ್ತಿಗೆ ತಾನಾಗಿ ಇಳಿಯುತ್ತದೆ. ಕೆಲವೊಮ್ಮೆ ಅದಕ್ಕೆ ಕಾರಣವೇ ಇರುವುದಿಲ್ಲ. ಜ್ವರವಿಲ್ಲ, ಹಸಿವಿಲ್ಲ ಎಂದು ನೋಡಿಕೊಂಡ ಮೇಲೂ ತಾಳ್ಮೆ ಮೀರಿದರೆ, ಕೂಸನ್ನು ಭದ್ರವಾದ ಜಾಗದಲ್ಲಿ ಅಂಗಾತ ಮಲಗಿಸಿ, ಹತ್ತು ನಿಮಿಷ ಆಚೆ ಹೋಗಬೇಕು. ಅತ್ತರೆ ಕೂಸಿಗೆ ಕೇಡಿಲ್ಲ. ಯಾರಿಗಾದರೂ ಫೋನು ಮಾಡಬೇಕು. ನಮ್ಮ ಸಂಘದ ಸದಸ್ಯರ ಪಟ್ಟಿ ಇರುವುದು ಬರಿಯ ಚಂದಾ ವಸೂಲಿಗಲ್ಲ. ಅರ್ಧರಾತ್ರಿಯಲ್ಲಿ ಹೊಸ ತಾಯಿತಂದೆಯರ ಕರೆ ಬಂದರೆ ಎದ್ದು ಮಾತಾಡುವುದೂ ಕನ್ನಡದ ಕೆಲಸವೇ.

ಸ್ಕೂಟರಿನ ಮೇಲೆ

ಪುಣೆ ಸ್ಕೂಟರುಗಳ ಊರು. ಮುಂದೆ ನಿಂತ ಮಗು, ಹಿಂದೆ ತಾಯಿ, ಅವಳ ತೊಡೆಯ ಮೇಲೆ ಇನ್ನೊಂದು ಕೂಸು; ಹೆಲ್ಮೆಟ್ಟು ತಂದೆಯ ತಲೆಗೊಂದೇ. ಬ್ರೇಕು ಹಾಕಿದರೆ ಮುಂದೆ ನಿಂತ ಮಗುವಿನ ಹಣೆಯೇ ಹಿಡಿಕೆಗೆ ಬಡಿಯುತ್ತದೆ. ಕೇಂದ್ರ ಸರಕಾರ 2022ರ ಫೆಬ್ರುವರಿ 15ರಂದು ಪ್ರಕಟಿಸಿ, ಒಂದು ವರ್ಷದ ತರುವಾಯ ಜಾರಿಗೆ ಬಂದ ನಿಯಮದಂತೆ, 9 ತಿಂಗಳಿಂದ 4 ವರ್ಷದವರೆಗಿನ ಮಗುವನ್ನು ದ್ವಿಚಕ್ರ ವಾಹನದ ಮೇಲೆ ಕರೆದೊಯ್ಯುವಾಗ ಚಾಲಕನಿಗೆ ಸೇರಿಸಿ ಕಟ್ಟುವ ಸುರಕ್ಷಾ ಪಟ್ಟಿ ಇರಬೇಕು, ಮಗುವಿನ ತಲೆಗೆ ಸರಿಹೊಂದುವ ಹೆಲ್ಮೆಟ್ಟು ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರು ಮೀರಬಾರದು. 4 ವರ್ಷ ದಾಟಿದವರಿಗೆಲ್ಲ ಹೆಲ್ಮೆಟ್ಟು ಕಡ್ಡಾಯವೆಂದು 2019ರ ತಿದ್ದುಪಡಿಯೇ ಹೇಳಿದೆ. 9 ತಿಂಗಳಿಗಿಂತ ಸಣ್ಣ ಕೂಸಿನ ಕುತ್ತಿಗೆ ಹೆಲ್ಮೆಟ್ಟಿನ ಭಾರವನ್ನು ಹೊರಲಾರದು; ಅದನ್ನು ಸ್ಕೂಟರಿನ ಮೇಲೆ ಒಯ್ಯದಿರುವುದೇ ಲೇಸು. ನಾವು ಗುಮಾಸ್ತರು, ರಿಕ್ಷಾದ ಬಾಡಿಗೆಯ ಲೆಕ್ಕ ನಮಗೂ ಗೊತ್ತು. ಮಗಳ ಹೆಲ್ಮೆಟ್ಟಿಗಾಗಿ ಆ ವರ್ಷದ ದೀಪಾವಳಿಯ ನಮ್ಮ ಅಂಗಿಯನ್ನು ಬಿಟ್ಟೆವು. ಹಳೆಯ ಅಂಗಿಯಲ್ಲಿಯೂ ಹಬ್ಬವಾಯಿತು.

ಕಾರಿನಲ್ಲಿ ಹೋಗುವಾಗ ಕೂಸನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂಡಿಸಿಕೊಳ್ಳುವುದು ಎಲ್ಲಕ್ಕಿಂತ ಅಪಾಯದ ಜಾಗ. ಡಿಕ್ಕಿಯಾದಾಗ ಎಂಥ ತಾಯಿಯ ತೋಳೂ ಮಗುವನ್ನು ಹಿಡಿದು ನಿಲ್ಲಿಸಲಾರದು. ಹಿಂದಿನ ಸೀಟಿನಲ್ಲಿ, ಮಗುವಿನದೇ ಆದ ಆಸನದಲ್ಲಿ ಕಟ್ಟಿ ಕೂಡಿಸಬೇಕು. ಸಣ್ಣ ಕೂಸಾದರೆ ಅದರ ಮುಖ ಹಿಂದಕ್ಕಿರಬೇಕು.

ಊರಿನ ದಾರಿ, ಊರಿನ ಮಾಳಿಗೆ

ರಜೆ ಬಂತೆಂದರೆ ನಾವೆಲ್ಲ ಊರಿನ ಗಾಡಿ ಹತ್ತುವವರೇ. ಮಲಗುವ ಬಸ್ಸಿನಲ್ಲಿ, ರೈಲಿನಲ್ಲಿ ಮೇಲಿನ ಬರ್ತು ಸಿಕ್ಕರೆ ಯಾರನ್ನಾದರೂ ಕೇಳಿಕೊಂಡು ಕೆಳಗಿನದನ್ನು ಪಡೆಯಿರಿ. ಮಗುವನ್ನು ಗೋಡೆಯ ಬದಿಗೆ ಮಲಗಿಸಿರಿ. "ಕೂಸು ಅದರೀ" ಎಂದರೆ ಒಲ್ಲೆನೆನ್ನುವವರು ಕಡಿಮೆ.

ಊರು ಮುಟ್ಟಿದ ಮೇಲೆ ಹತ್ತು ಕಣ್ಣುಗಳು ಇವೆಯೆಂದು ನಾವು ಕಾಲು ಚಾಚುತ್ತೇವೆ. ಆದರೆ ಉತ್ತರ ಕರ್ನಾಟಕದ ಹಳೆಯ ಮಣ್ಣಿನ ಮಾಳಿಗೆಗಳಿಗೆ ಎಷ್ಟೋ ಕಡೆ ಅಂಚುಗೋಡೆಯೇ ಇರುವುದಿಲ್ಲ. ಬೇಸಗೆಯಲ್ಲಿ ಎಲ್ಲರೂ ಮಲಗುವುದು ಅಲ್ಲಿಯೇ. ಹಗಲು ಶಾವಿಗೆ, ಹಪ್ಪಳ ಒಣಗುವುದೂ ಅಲ್ಲಿಯೇ. ಅಲ್ಲಿ ಬೆಳೆದ ಮಕ್ಕಳಿಗೆ ಅದರ ಅಂಚು ಗೊತ್ತು. ಗ್ರಿಲ್ಲಿನ ಹಿಂದೆ ಬೆಳೆದ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಸಣ್ಣ ಮಕ್ಕಳು ಅಂಗಳದಲ್ಲಿಯೇ ಮಲಗಲಿ. ಮಾಳಿಗೆಯ ಏಣಿಯನ್ನು ಎತ್ತಿಟ್ಟರೆ ಅಥವಾ ಮೆಟ್ಟಿಲ ಬಾಗಿಲಿಗೆ ಚಿಲಕ ಹಾಕಿದರೆ ಸಾಕು.

ಬಿದ್ದ ಮೇಲೆ

ಎಷ್ಟು ಕಾದರೂ ಒಮ್ಮೊಮ್ಮೆ ಬೀಳುವುದುಂಟು. ಆಗ ತಾಯಿಯನ್ನು ಬೈಯುವುದರಲ್ಲಿ ಕಾಲ ಕಳೆಯದೆ ಕೂಸನ್ನು ನೋಡಬೇಕು. ಕೂಡಲೇ ಅತ್ತು, ಹತ್ತು ನಿಮಿಷದಲ್ಲಿ ಸಮಾಧಾನವಾಗಿ, ಹಾಲು ಕುಡಿದು, ಎಂದಿನಂತೆ ಆಡಿದರೆ ಬಹಳವಾಗಿ ಚಿಂತೆಯಿಲ್ಲ. ಬುಗುಟೆಗೆ ತಣ್ಣೀರಿನ ಬಟ್ಟೆ ಇಡಬೇಕು, ತಿಕ್ಕಬಾರದು. ನಿದ್ದೆಯ ಹೊತ್ತಾದರೆ ಮಲಗಗೊಡಬಹುದು, ನಡುನಡುವೆ ಎಬ್ಬಿಸಿದರೆ ಏಳುತ್ತದೆಯೇ ಎಂದು ನೋಡುತ್ತಿರಬೇಕು. ಮುಂದಿನ ಒಂದೆರಡು ದಿನ ಲಕ್ಷ್ಯವಿರಲಿ.

ಈ ಲಕ್ಷಣಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು: ಕ್ಷಣಹೊತ್ತಾದರೂ ಎಚ್ಚರ ತಪ್ಪುವುದು, ಮೇಲಿಂದ ಮೇಲೆ ವಾಂತಿ, ಸೆಳವು, ಎಬ್ಬಿಸಿದರೂ ಏಳದ ಮಂಪರು, ಏನು ಮಾಡಿದರೂ ನಿಲ್ಲದ ಅಳು, ಹಾಲು ಒಲ್ಲದಿರುವುದು, ಕಿವಿ ಮೂಗುಗಳಿಂದ ರಕ್ತ ಅಥವಾ ನೀರು ಬರುವುದು, ಉಬ್ಬಿದ ನೆತ್ತಿ, ತಲೆಯ ಬದಿಗೆ ಅಥವಾ ಹಿಂದೆ ಮೆತ್ತನೆಯ ದೊಡ್ಡ ಬಾವು, ಒಂದು ಕೈಯನ್ನೋ ಕಾಲನ್ನೋ ಆಡಿಸದಿರುವುದು, ಕಣ್ಣಿನ ಎರಡು ಪಾಪೆಗಳು ಒಂದೇ ಅಳತೆಯಲ್ಲಿ ಇಲ್ಲದಿರುವುದು. ಮೂರು ತಿಂಗಳೊಳಗಿನ ಕೂಸು ಬಿದ್ದರೆ, ಎರಡು ವರ್ಷದೊಳಗಿನ ಮಗು ಮೂರು ಅಡಿಗಿಂತ ಎತ್ತರದಿಂದ ಬಿದ್ದರೆ, ಲಕ್ಷಣ ಕಾಣದಿದ್ದರೂ ವೈದ್ಯರಿಗೆ ತೋರಿಸತಕ್ಕದ್ದು. ಬಹಳ ಎತ್ತರದಿಂದ ಬಿದ್ದ ಮಗುವನ್ನು ಎತ್ತಿ ಅಲುಗಾಡಿಸದೆ, ತಲೆ ಕುತ್ತಿಗೆಗಳನ್ನು ನೆಟ್ಟಗಿರಿಸಿ, 108ಕ್ಕೆ ಕರೆ ಮಾಡಬೇಕು.

ಆಸ್ಪತ್ರೆಯಲ್ಲಿ "ಸ್ಕ್ಯಾನು ಮಾಡಿರಿ" ಎಂದು ಹಟ ಹಿಡಿಯುವವರಲ್ಲಿ ನಾವೂ ಒಬ್ಬರಾಗಿದ್ದೆವು. ಸಿ.ಟಿ. ಸ್ಕ್ಯಾನಿನಲ್ಲಿ ವಿಕಿರಣವಿದೆ, ಬೆಳೆಯುವ ಮೆದುಳಿಗೆ ಅದನ್ನು ಸುಮ್ಮಸುಮ್ಮನೆ ಕೊಡಬಾರದು. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ತಲೆಗೆ ಪೆಟ್ಟು ಬಿದ್ದು ಬಂದ 42,412 ಮಕ್ಕಳನ್ನು ಪರೀಕ್ಷಿಸಿ, ಯಾವ ಲಕ್ಷಣಗಳಿಲ್ಲದಿದ್ದರೆ ಸ್ಕ್ಯಾನಿಲ್ಲದೆಯೇ ಧೈರ್ಯವಾಗಿರಬಹುದೆಂಬುದನ್ನು ಗೊತ್ತುಪಡಿಸಿದ್ದಾರೆ. ಕೆಲವು ತಾಸು ಕಾದು ನೋಡುವುದೂ ಒಂದು ಚಿಕಿತ್ಸೆಯೇ. ನಮ್ಮ ಮಗಳಿಗೆ ಆದುದೂ ಅಷ್ಟೇ.

ಈಗ ಅವಳಿಗೆ ಆರು ವರ್ಷ. ಬಿದ್ದ ವಾರವೇ ತಾಯಿಯವರು ಹಳೆಯ ಸೀರೆಗಳನ್ನು ಕೂಡಿಸಿ ಒಂದು ದೊಡ್ಡ ಕೌದಿ ಹೊಲಿದು ಧಾರವಾಡದ ಬಸ್ಸಿನಲ್ಲಿ ಕಳಿಸಿದ್ದರು. ಅದು ನಮ್ಮ ಮನೆಯ ನೆಲದ ಮೇಲೆ ಎರಡು ವರ್ಷ ಹಾಸಿಕೊಂಡಿತ್ತು. ಅನಂತರ ನಮ್ಮ ಕಟ್ಟಡದ ಇನ್ನೊಂದು ಕನ್ನಡ ಮನೆಗೆ ಹೋಯಿತು, ಅಲ್ಲಿಂದ ಮತ್ತೊಂದಕ್ಕೆ. ಈಗ ಅದರ ಮೇಲೆ ಮಲಗಿ ಕಾಲು ಒದೆಯುತ್ತಿರುವುದು ನಾಲ್ಕನೆಯ ಕೂಸು.

ವಾಚಕರಲ್ಲಿ ನಮ್ಮದೊಂದು ಬಿನ್ನಹ. ಈ ಸಂಚಿಕೆಯನ್ನು ಕೆಳಗಿಟ್ಟ ಮೇಲೆ ಮನೆಯಲ್ಲಿ ಒಮ್ಮೆ ಅಂಬೆಗಾಲಿನ ಎತ್ತರಕ್ಕೆ ಬಗ್ಗಿ ನೋಡಿರಿ. ಕಿಟಕಿಯ ಕೆಳಗಿನ ಸ್ಟೂಲನ್ನು ಇಂದು ರಾತ್ರಿಯೇ ಸರಿಸಿರಿ. ಇಷ್ಟು ಹೇಳಿ ಲೇಖನಿಯನ್ನು ಕೆಳಗಿಡುತ್ತೇವೆ. ಮಕ್ಕಳು ಎಲ್ಲರ ಮನೆಯಲ್ಲಿಯೂ ಸುಖವಾಗಿ ಬೆಳೆಯಲಿ.